ಚೆಕ್ಕುಬಂದಿಯ ನೆಂಟರು

ನಮ್ಮ ತುಮಕೂರು ಸೀಮೆಯಲ್ಲಿ ಎತ್ತು ಮಾರುವುದಕ್ಕೆ ಒಂದು ಟವೆಲು ಬೇಕು, ಹೊಲ ಮಾರುವುದಕ್ಕೆ ತಂಗಿಯ ಸಹಿ ಬೇಕು, ಮನೆ ಮಾರುವುದಕ್ಕೆ ಊರು ಒಪ್ಪುವಂಥ ಕಾರಣ ಬೇಕು. ದುಡ್ಡಿನ ಮಾತೇನಿದ್ದರೂ ಇವೆಲ್ಲ ಒದಗಿದ ಮೇಲೆ. ಪೇಟೆಯವರು ಇದನ್ನು ತಲೆಕೆಳಗು ಮಾಡಿಕೊಂಡು, ಬಂದವರೇ ರೇಟು ಕೇಳಿ ಕೆಡುತ್ತಾರೆ.

ಮೊದಲು ಎತ್ತಿನ ವಿಚಾರ. ಚಳಿ ಶುರುವಾದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಶಿವರಾತ್ರಿ ಹತ್ತಿರ ಬಂದರೆ ಸಿದ್ಧಗಂಗೆಯದು. ಮೈಸೂರು ಕಡೆಯವರಿಗೆ ಚುಂಚನಕಟ್ಟೆ, ಮುಡುಕುತೊರೆ. ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು, ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಹಳ್ಳಿಕಾರ್ ಜೋಡಿಗಳು ಪೆಂಡಾಲಿನ ಕೆಳಗೆ ಮದುವೆಗಂಡಿನ ಗತ್ತಿನಲ್ಲಿ ನಿಂತಿರುತ್ತವೆ. ಈ ತಳಿಗೆ 2000ದಲ್ಲಿ ಅಂಚೆ ಇಲಾಖೆ ಸ್ಟಾಂಪಿನ ಮರ್ಯಾದೆಯನ್ನೂ ಕೊಟ್ಟಿದೆ. ಆದರೆ ಜಾತ್ರೆಗೆ ಬಂದ ಗೌಡರಿಗೆ ಸ್ಟಾಂಪು ಬೇಡ, ಬಾಯಿ ಬೇಕು. ತುಟಿ ಎತ್ತಿ ನೋಡುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದಿದ್ದರೆ ಬಾಯಿ ಕೂಡಿತು ಎಂದು ಲೆಕ್ಕ. ಈ ಮುಂದಿನ ಹಲ್ಲುಗಳು ಇರುವುದೇ ಕೆಳದವಡೆಯಲ್ಲಿ. ಮೇಲ್ದವಡೆಯಲ್ಲಿ ಹಲ್ಲು ಹುಡುಕುವವನನ್ನು ಕಂಡೊಡನೆ ದಲ್ಲಾಳಿಗೆ ಆಳು ಯಾರೆಂದು ಗೊತ್ತಾಗಿ, ಬೆಲೆ ನಿಂತಲ್ಲೇ ಏರಿಬಿಡುತ್ತದೆ.

ಹಲ್ಲಾದ ಮೇಲೆ ಸುಳಿ, ಸುಳಿಯಾದ ಮೇಲೆ ನಡಿಗೆ, ನಡಿಗೆಯಾದ ಮೇಲೆ ಟವೆಲು. ದಲ್ಲಾಳಿ ಹೆಗಲ ಮೇಲಿನದನ್ನು ತೆಗೆದು ಮಾರುವವನ ಕೈಗೆ ಹೊದಿಸಿ, ಅದರೊಳಗೆ ತನ್ನ ಕೈ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಸಾವಿರವೋ ಹತ್ತು ಸಾವಿರವೋ ಎಂಬುದನ್ನು ಎತ್ತಿನ ಮೈಕಟ್ಟು ನೋಡಿಯೇ ತಿಳಿಯಬೇಕು. ಟವೆಲಿನ ಮೇಲೆ ಇಬ್ಬರೂ ಮಳೆ-ಬೆಳೆ ಮಾತಾಡುತ್ತಿರುತ್ತಾರೆ, ಟವೆಲಿನ ಕೆಳಗೆ ಜಗಳ ನಡೆದಿರುತ್ತದೆ. ಸುತ್ತ ನಿಂತವರು ಮಾರುವವನ ಹುಬ್ಬು ನೋಡಿಯೇ ಬೆಲೆ ಅಂದಾಜು ಮಾಡುತ್ತಾರೆ. ಇಷ್ಟು ಜೋಪಾನ ಮಾಡಿದ ಗುಟ್ಟು ಸಂಜೆಯೊಳಗೆ ಟೀ ಅಂಗಡಿಗೆ ಬಂದಿರುತ್ತದೆ.

ವ್ಯಾಪಾರ ಕುದುರಿದ ಮೇಲೆ ಮಾರಿದವನು ಹಳೆಯ ಹಗ್ಗವನ್ನು ಬಿಚ್ಚಿ ಇಟ್ಟುಕೊಳ್ಳುತ್ತಾನೆ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಅದರ ಜೊತೆಗೇ ಹೋದಾಳೆಂದು ಭಯ. ಹೊಸ ಹಗ್ಗ ಹಾಕಿಕೊಂಡವನಿಗೆ ಒಂದಷ್ಟು ಬುದ್ಧಿಮಾತು ಬೇರೆ: "ಇವನನ್ನ ಎಡಕ್ಕೇ ಕಟ್ಟಪ್ಪ, ಬಲಕ್ಕೆ ಕಟ್ಟಿದ್ರೆ ಮೊಂಡು ಮಾಡ್ತಾನೆ. ಬೈದ್ರೆ ಕೇಳ್ತಾನೆ, ಹೊಡೀಬೇಡ." ಮುಂದಿನ ಜಾತ್ರೆಯಲ್ಲಿ ಆ ಇಬ್ಬರೂ ಎದುರಾದರೆ ಹೆಂಡತಿ-ಮಕ್ಕಳ ಕ್ಷೇಮಸಮಾಚಾರ ಆಮೇಲೆ. ಮೊದಲ ಪ್ರಶ್ನೆ, "ನಮ್ಮ ಹುಡುಗ ಹೆಂಗವ್ನೆ?" ಅಲ್ಲಿಗೆ ಒಂದು ನೆಂಟಸ್ತಿಕೆ ಕುದುರಿತು.

ಹೊಲದ ವ್ಯಾಪಾರದಲ್ಲಿ ಬಾಯಿ ಬಿಡಿಸಿ ನೋಡುವುದಕ್ಕೆ ಪಹಣಿ ಇದೆ. ಒಂದು ಕಾಲಕ್ಕೆ ಅದು ಶಾನುಭೋಗರ ಕೈಬರಹದಲ್ಲಿ, ಅವರೊಬ್ಬರಿಗೇ ಓದಲು ಬರುವಂತೆ ಇರುತ್ತಿತ್ತು. ಆಮೇಲೆ 'ಭೂಮಿ' ಯೋಜನೆ ಬಂದು, ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ನಲವತ್ತು ಗುಂಟೆಗೆ ಒಂದು ಎಕರೆ, 33 ಅಡಿ ಉದ್ದ 33 ಅಡಿ ಅಗಲಕ್ಕೆ ಒಂದು ಗುಂಟೆ, ಆ ಗುಂಟೆಗೆ ಹದಿನಾರು ಆಣೆ. 1957ರಲ್ಲಿ ದಶಮಾನ ನಾಣ್ಯ ಬಂದಾಗ ರೂಪಾಯಿಯಿಂದ ಉದುರಿಹೋದ ಆಣೆ ಹೊಲದ ಲೆಕ್ಕದಲ್ಲಿ ಇನ್ನೂ ಭದ್ರವಾಗಿ ಕೂತಿದೆ. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಲು ಒಂದಾಣೆ ಜಾಗ ಧಾರಾಳವಾಗಿ ಸಾಕು.

ಮಾರಾಟದ ದಿನ ಗೊತ್ತಾಯಿತೆಂದರೆ ತಂಗಿಯ ನೆನಪಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಗೌರಿ ಹಬ್ಬಕ್ಕೆ ಬಾಗಿನ ಕಳಿಸಲು ಮರೆತ ಅಣ್ಣ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯಲು ಮಾತ್ರ ಬಾಡಿಗೆ ಕಾರು ಮಾಡಿಕೊಂಡು, ಸೀರೆ ಹಣ್ಣು ಇಟ್ಟುಕೊಂಡು ಬಾಗಿಲಿಗೆ ಬರುತ್ತಾನೆ. ತಂಗಿಯೂ ಈಗ ಮೊದಲಿನ ತಂಗಿಯಲ್ಲ. "ಸೀರೆ ಚೆನ್ನಾಗಿದೆ ಅಣ್ಣಯ್ಯ, ಸರ್ವೆ ನಂಬರ್ ಎಷ್ಟು?" ಎನ್ನುತ್ತಾಳೆ. ಕೇಳಬೇಕಾದ್ದೇ.

ಪತ್ರ ಬರಹಗಾರರು ಬರೆಯುವ ಕ್ರಯಪತ್ರವನ್ನು ನಾನು ಬಲು ಆಸೆಯಿಂದ ಓದುತ್ತೇನೆ. ರಾಗಿ ಹೊಲದ ಜೊತೆಗೆ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಮುಂತಾದ ಅಷ್ಟಭೋಗಗಳನ್ನೂ ಬರೆದುಕೊಡುವ ಪತ್ರಗಳು ಈಗಲೂ ಸಿಗುತ್ತವೆ. ವಿಜಯನಗರದ ಅರಸರು ಅಗ್ರಹಾರ ದಾನ ಕೊಟ್ಟಾಗ ಶಾಸನದಲ್ಲಿ ಕೆತ್ತಿಸುತ್ತಿದ್ದ ಮಾತುಗಳಿವು. ಬೋರ್‌ವೆಲ್‌ನಲ್ಲಿ ಬರೀ ದೂಳು ಬಂದ ಜಮೀನಿಗೂ ಪತ್ರದಲ್ಲಿ ಜಲಭೋಗ ತಪ್ಪುವುದಿಲ್ಲ.

ಆ ಪತ್ರದ ಕೊನೆಯಲ್ಲಿ ಚೆಕ್ಕುಬಂದಿ ಎಂದು ನಾಲ್ಕು ಸಾಲು ಇರುತ್ತವೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ತೋಟ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಓಣಿ. ಕೊಳ್ಳುವವರು ಬೆಲೆಯನ್ನು ಮೂರು ಸಲ ಓದಿ ಈ ನಾಲ್ಕು ಸಾಲನ್ನು ಹಾರಿಸುತ್ತಾರೆ. ಹೊಲದ ನಿಜವಾದ ಮಣ್ಣು ಪರೀಕ್ಷೆ ಅಲ್ಲೇ ಇರುವುದು. ಪೂರ್ವದವನು ಪ್ರತಿ ಉಳುಮೆಗೆ ಒಂದೊಂದು ಗೇಣು ಬದು ಕೊರೆಯುವವನಾದರೆ ನಿಮ್ಮ ಎರಡು ಎಕರೆ ಪಹಣಿಯಲ್ಲಷ್ಟೇ ಎರಡು ಎಕರೆ. ಪಶ್ಚಿಮದವನ ತೆಂಗಿನಮರ ನಿಮ್ಮ ಕಡೆಗೆ ವಾಲಿದ್ದರೆ, ಬಿದ್ದ ಕಾಯಿ ಯಾರದೆಂದು ಯಾವ ತಹಸೀಲ್ದಾರರೂ ಹೇಳಲಾರರು. ದಾರಿಯ ಕಥೆ ಇನ್ನೂ ಸೂಕ್ಷ್ಮ. ನಕಾಶೆಯಲ್ಲಿ ಕಾಣುವ ದಾರಿ ಬೇರೆ, ರೂಢಿಯ ದಾರಿ ಬೇರೆ. ಅಜ್ಜನ ಕಾಲದಿಂದ ಗಾಡಿ ಓಡಾಡಿದ ಜಾಡು ಪಕ್ಕದವನ ಹೊಲದ ಮೇಲೆಯೇ ಇರುತ್ತದೆ. ಅದು ಅವನ ಒಳ್ಳೆಯ ಮನಸ್ಸು ಇರುವವರೆಗೆ ದಾರಿ, ಮುನಿಸಿಕೊಂಡ ಮಾರನೆಯ ದಿನ ಮುಳ್ಳುಬೇಲಿ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಬೆಂಗಳೂರಿನಿಂದ ಶನಿವಾರ ಬಂದು, ಮೊಬೈಲಿನಲ್ಲಿ ಉಪಗ್ರಹದ ಚಿತ್ರ ಹಿಡಿದು, ಸೂರ್ಯಾಸ್ತ ಯಾವ ಕಡೆ ಕಾಣುತ್ತದೆಂದು ವಿಚಾರಿಸುತ್ತಾರೆ. ಸೂರ್ಯನಿಂದ ಯಾರಿಗೂ ತಕರಾರು ಬಂದದ್ದಿಲ್ಲ. ಅವನು ಮುಳುಗುವ ದಿಕ್ಕಿನ ಹೊಲ ಯಾರದೆಂದು ಕೇಳುವವರು ಕಡಿಮೆ. ಪತ್ರವಾದ ವಾರಕ್ಕೆ ಸುತ್ತ ತಂತಿಬೇಲಿ ಏಳುತ್ತದೆ. ಆ ಮೇಲೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಕಳುವಾದರೂ ನೋಡಿದವರು ಯಾರೂ ಇರುವುದಿಲ್ಲ. ಊರಿಗೆ ಕಣ್ಣಿಲ್ಲದೆ ಅಲ್ಲ, ಬೇಲಿ ಹಾಕಿದವರು ಅದರ ಕಡೆ ನೋಡಬೇಡಿ ಎಂದ ಹಾಗಾಯಿತಲ್ಲ!

ಮನೆಯ ಮಾರಾಟ ಬಲು ಅಪರೂಪ. ಹಳೆಯ ಮನೆಗಳನ್ನು ನಮ್ಮಲ್ಲಿ ಚದರಡಿಯಲ್ಲಿ ಅಳೆಯುತ್ತಿರಲಿಲ್ಲ, ಅಂಕಣದಲ್ಲಿ ಎಣಿಸುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದಂಕಣ. ಈಗ ಇ-ಸ್ವತ್ತು ಬಂದು ಪಂಚಾಯಿತಿಯಲ್ಲಿ ನಮೂನೆ ಒಂಬತ್ತು, ಹನ್ನೊಂದು ಕೊಡುತ್ತಾರೆ. ಆದರೆ ಸೂರಿನ ನೀರು ಯಾರ ಅಂಗಳಕ್ಕೆ ಬೀಳಬೇಕು, ಜಂಟಿ ಗೋಡೆಗೆ ಮೊಳೆ ಹೊಡೆಯುವವರು ಯಾರು ಎಂಬುದು ಯಾವ ನಮೂನೆಯಲ್ಲೂ ಇಲ್ಲ. ಮಾರುತ್ತಾರೆಂದು ಸುದ್ದಿಯಾದರೆ ಜಗಲಿಯ ಮೇಲೆ ಕೂತವರು ಬೆಲೆ ಕೇಳುವುದಿಲ್ಲ, "ಯಾಕಂತೆ?" ಎನ್ನುತ್ತಾರೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಎಂದರೆ ತಲೆದೂಗುತ್ತಾರೆ. ಮಗ ಬೆಂಗಳೂರಿನಲ್ಲಿ ಸೈಟು ಕೊಂಡ ಎಂದರೆ ಸುಮ್ಮನಾಗುತ್ತಾರೆ. ಕೊಂಡವನ ಪಾಡೂ ಸುಲಭವಲ್ಲ. ಖಾತೆ ಬದಲಾಗಿ, ಹೆಂಚು ಹೋಗಿ ಆರ್‌ಸಿಸಿ ಬಂದು, ಗೃಹಪ್ರವೇಶದ ಊಟ ಹಾಕಿದರೂ ಅದು ಹಳೆಯ ಯಜಮಾನರ ಮನೆಯೇ. ಪೋಸ್ಟ್‌ಮನ್ನಿಗೂ ಹಾಗೆಂದರೇ ಗೊತ್ತಾಗುವುದು. ಹೊಸಬನ ಹೆಸರು ಆ ಮನೆಗೆ ಅಂಟಬೇಕಾದರೆ ಅವನ ಮಕ್ಕಳು ಮಾರುವ ಹೊತ್ತು ಬರಬೇಕು.

ಆದ್ದರಿಂದ ಹಳ್ಳಿಯಲ್ಲಿ ಜಮೀನು ಕೊಳ್ಳಬೇಕೆಂದಿರುವ ಸ್ನೇಹಿತರಿಗೆ ಒಂದು ಮಾತು. ಋಣಭಾರ ಪತ್ರ ತೆಗೆಸಿ, ಮ್ಯುಟೇಶನ್ ನೋಡಿ, ಸರ್ವೆಯವರನ್ನು ಕರೆಸಿ ಬಾಂದುಕಲ್ಲು ಹುಡುಕಿಸಿ, ವಕೀಲರಿಗೂ ತೋರಿಸಿ. ಅವೆಲ್ಲ ಬೇಕು. ಆದರೆ ಸಂಚಕಾರ ಕೊಡುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಂಡು ಚೆಕ್ಕುಬಂದಿಯಲ್ಲಿರುವ ಮನೆಗಳಿಗೆ ಹೋಗಿ, ಜಗಲಿಯ ಮೇಲೆ ಕೂತು, ಕೊಟ್ಟ ಟೀ ಕುಡಿದು, ಉಳಿದವರ ವಿಚಾರ ಕೇಳಿ. ಒಬ್ಬರ ಬಗ್ಗೆ ಒಬ್ಬರು ಒಂದೊಂದಾದರೂ ಒಳ್ಳೆಯ ಮಾತು ಆಡಿದರೆ ಕಣ್ಣುಮುಚ್ಚಿ ಮುಂದುವರಿಯಿರಿ. ಆಡದಿದ್ದರೆ, ಮಣ್ಣು ಎಷ್ಟೇ ಕೆಂಪಗಿರಲಿ, ಬೆಲೆ ಎಷ್ಟೇ ಇಳಿಯಲಿ, ಟೀಗೆ ಥ್ಯಾಂಕ್ಸ್ ಹೇಳಿ ಬಸ್ಸು ಹತ್ತಿ.