ಭಾಷಣಕ್ಕೆ ಹೋದ ಅತ್ತೆ

ನಮ್ಮೂರ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ ನಾನು ಭಾಷಣ ಮಾಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮೆಜಮಾನರೂ ನಂಬಲಿಲ್ಲ. “ಹಪ್ಪಳದ ಹಿಟ್ಟು ಕಲಸೋದು ಹೇಳ್ಕೊಡ್ತೀಯಾ?” ಅಂದರು. ಅದೇ ಶಾಲೆಯಲ್ಲಿ ಟೀಚರಾಗಿರುವ ಸೊಸೆ ಬಿಡಲಿಲ್ಲ. “ಪರೀಕ್ಷೆಗೆ ಹೆದರ್ಕೊಂಡಿದಾವೆ ಅತ್ತೆ, ಹಿರಿಯರು ನಾಲ್ಕು ಮಾತು ಹೇಳಿದ್ರೆ ಧೈರ್ಯ ಬರುತ್ತೆ” ಎಂದಳು.

ಎರಡು ದಿನ ಕೂತು ನಾಲ್ಕು ಪುಟ ಬರೆದೆ. ಎಲ್ಲಾ ‘ನಮ್ಮ ಕಾಲದಲ್ಲಿ’. ಬುಡ್ಡಿದೀಪ, ಮೂರು ಮೈಲಿ ನಡಿಗೆ, ಹೀಗೆ. ತಾತ ತೀರಿಕೊಂಡ ಟೆಲಿಗ್ರಾಂ ಬಂದದ್ದನ್ನು ಓದುವಾಗ ನನ್ನ ಕಣ್ಣು ತುಂಬಿತ್ತು. ಮುಂದಿನ ಸಾಲಿನವಳೊಬ್ಬಳು ಪಕ್ಕದವಳನ್ನು “ಹಂಗಂದ್ರೆ ಏನೇ?” ಎಂದು ಕೇಳಿದಳು. ಅವಳದೇನು ತಪ್ಪು? ಟೆಲಿಗ್ರಾಂ ನಿಂತದ್ದು 2013ರ ಜುಲೈನಲ್ಲಿ. ಆಗ ಈ ಮಕ್ಕಳಿಗೆ ಮೂರೋ ನಾಲ್ಕೋ ವರ್ಷ! ಹಿಂದಿನ ಬೆಂಚಿನಲ್ಲಿ ಒಬ್ಬಳು ಆಕಳಿಸಿದಳು. ಅದು ಸಾಲುಸಾಲಾಗಿ ಮುಂದಕ್ಕೆ ಬಂತು.

ಹಾಳೆ ಮಡಚಿಬಿಟ್ಟೆ. “ನಿಮಗೆ ಯಾವುದರ ಭಯ, ಹೇಳ್ರಮ್ಮಾ” ಎಂದೆ. ಗಣಿತ, ಗಣಿತ ಎಂದು ಕೂಗಿದರು. ಒಬ್ಬಳು ಮಾತ್ರ ಮೆಲ್ಲಗೆ, “ಫೇಲಾದ್ರೆ ಓದು ಬಿಡಿಸ್ತಾರೆ ಅಜ್ಜಿ” ಅಂದಳು.

ನನ್ನ ಬಾಯಿ ಒಣಗಿತು. 1978ರಲ್ಲಿ ಶಾಲೆಯ ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರು ಇರಲಿಲ್ಲ. ಗಣಿತವೇ ಹೋಗಿತ್ತು. ಅಪ್ಪ ಮತ್ತೆ ಪರೀಕ್ಷೆಗೆ ಕಟ್ಟಿಸಲಿಲ್ಲ. ಎರಡು ವರ್ಷಕ್ಕೆ ಮದುವೆ ಮಾಡಿದರು. ಗಂಡಿನ ಕಡೆಯವರಿಗೆ ‘ಎಸ್ಸೆಸ್ಸೆಲ್ಸಿ ಪಾಸು’ ಎಂದು ಹೇಳಿದ್ದರು. ಆ ಸುಳ್ಳನ್ನು ನಾನೂ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೆ. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಆದರೂ ಹೇಳಿಬಿಟ್ಟೆ.

ಆಮೇಲೆ ಒಬ್ಬಳೂ ಆಕಳಿಸಲಿಲ್ಲ. “ನಿಮ್ಮಮ್ಮ ಏನಂದ್ರು?” “ಹಟ ಮಾಡ್ಲಿಲ್ವಾ?” “ಅತ್ರಾ ಅಜ್ಜಿ?” ಅಂತ ಒಂದೇ ಸಮನೆ ಕೇಳಿದರು. ಬಚ್ಚಲೊಲೆ ಊದುತ್ತಾ ಹೊಗೆಯ ನೆಪದಲ್ಲಿ ಅತ್ತಿದ್ದೆ ಎಂದೆ. ಬಚ್ಚಲೊಲೆ ಕಂಡವರು ಅವರಲ್ಲಿ ಎಷ್ಟು ಮಂದಿಯೋ, ಅದೇನೆಂದು ಮಾತ್ರ ಯಾರೂ ಕೇಳಲಿಲ್ಲ.

ಆ ಹುಡುಗಿಗೆ, ಫೇಲಾದರೆ ಅದೇ ವರ್ಷ ಮತ್ತೆ ಕಟ್ಟಬಹುದು, 2024ರಲ್ಲಂತೂ ಮೂರು ಸಲ ಪರೀಕ್ಷೆ ಇಟ್ಟಿದ್ದರು, ಮನೆಯಲ್ಲಿ ಹೇಳು ಎಂದೆ. “ನೀವೇ ಬಂದು ಅಪ್ಪಂಗೆ ಹೇಳ್ತೀರಾ?” ಎಂದಳು. ಹೂಂ ಅಂದುಬಿಟ್ಟಿದ್ದೇನೆ. ಭಾನುವಾರ ಹೋಗಬೇಕು.

ಮನೆಗೆ ಬರುವಾಗ ಸೊಸೆ ಹಾಲಿನ ಡೈರಿಯವರೆಗೂ ಮಾತಾಡಲಿಲ್ಲ. ಆಮೇಲೆ, “ಅತ್ತೆ, ಮಾವಂಗೆ ಗೊತ್ತಾ?” ಎಂದಳು.

“ಇಲ್ಲ ಕಣಮ್ಮ. ರಾತ್ರಿ ಊಟ ಆಗ್ಲಿ, ಹೇಳ್ತೀನಿ” ಎಂದೆ.