ಪದವೂ ಒಂದು ಮಾದರಿಯೇ

ಭಾಷೆಯ ಕುರಿತು ಅಂಕಿಗಳು ಮಾತನಾಡತೊಡಗಿದಾಗ ಸಾಹಿತ್ಯದ ಓದಿನಲ್ಲಿ ಬೆಳೆದ ಮನಸ್ಸು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಒಂದೋ, ಇದು ತನ್ನ ಸೀಮೆಯಲ್ಲವೆಂದು ಹಿಂದೆ ಸರಿಯುತ್ತದೆ. ಇಲ್ಲವೇ, ಸಂಖ್ಯೆಯಲ್ಲಿ ಹೇಳಿದ ಮಾತಿಗೆ ಎದುರಾಡಲಾಗದೆಂದು ತಲೆಬಾಗುತ್ತದೆ. ಶಬ್ದದ ಒಂದೊಂದು ಪ್ರಯೋಗವನ್ನೂ ತೂಗಿ ನೋಡುವ ಅಧ್ಯಾಪಕರು ಮನೋಭಾಷಾವಿಜ್ಞಾನದ ಲೇಖನದಲ್ಲಿ ಕೋಷ್ಟಕ ಕಂಡೊಡನೆ ಪುಟ ತಿರುವುವುದುಂಟು. ಆದರೆ ಆ ಕೋಷ್ಟಕದ ತಳದಲ್ಲಿರುವ ಪ್ರಶ್ನೆ ಅವರದೇ ಪ್ರಶ್ನೆ: ಕೆಲವೇ ಪದಗಳನ್ನು ಕಂಡು ಇಡೀ ಭಾಷೆಯ ಬಗ್ಗೆ ಮಾತನಾಡುವ ಅಧಿಕಾರ ಎಷ್ಟರ ಮಟ್ಟಿಗೆ ದೊರೆಯುತ್ತದೆ?

ಪ್ರಾಕ್ಕಲ್ಪನೆಯ ಪರೀಕ್ಷೆಗೆ ಸಂಖ್ಯಾಶಾಸ್ತ್ರಜ್ಞರು ಕೊಡುವ ಪ್ರಸಿದ್ಧ ದೃಷ್ಟಾಂತ ಚಹಾದ್ದು. ರೊನಾಲ್ಡ್ ಫಿಶರ್ 1935ರಲ್ಲಿ ಪ್ರಕಟಿಸಿದ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಗ್ರಂಥದಲ್ಲಿ ಅದು ಬರುತ್ತದೆ. ಬಟ್ಟಲಿಗೆ ಮೊದಲು ಬಿದ್ದದ್ದು ಹಾಲೋ ಚಹಾವೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದು ಮಹಿಳೆಯೊಬ್ಬರು ಹೇಳುತ್ತಾರೆ. ಫಿಶರ್ 8 ಬಟ್ಟಲುಗಳನ್ನಿಡುತ್ತಾನೆ. 4ರಲ್ಲಿ ಹಾಲು ಮೊದಲು, 4ರಲ್ಲಿ ಚಹಾ ಮೊದಲು. ಎಂಟರಲ್ಲಿ ನಾಲ್ಕನ್ನು ಆರಿಸುವ ವಿಧಗಳು 70. ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ಕ್ಕೆ 1. ಆಕೆಗೆ ಅಂಥ ಶಕ್ತಿಯಿಲ್ಲ ಎಂಬುದೇ ಇಲ್ಲಿ ‘ಶೂನ್ಯ ಪ್ರಾಕ್ಕಲ್ಪನೆ’. ಎಂಟೂ ಸರಿಯಾದರೆ ಆ ಪ್ರಾಕ್ಕಲ್ಪನೆಯನ್ನು ನಂಬುವುದು ಕಷ್ಟವಾಗುತ್ತದೆ.

ಈ ತರ್ಕ ಹೇಳುವುದು ಇಷ್ಟೇ. ಆಕೆಗೆ ಶಕ್ತಿಯಿರುವ ಸಂಭವ ಎಷ್ಟೆಂದು ಅದು ಹೇಳುವುದಿಲ್ಲ. ಶಕ್ತಿಯಿಲ್ಲವೆಂದಾದರೆ ಈ ಫಲಿತಾಂಶ ಎಷ್ಟು ಅಪರೂಪ ಎಂಬುದನ್ನು ಮಾತ್ರ ಹೇಳುತ್ತದೆ. ಹಾಗೆಯೇ, ‘ವ್ಯತ್ಯಾಸ ಕಾಣಲಿಲ್ಲ’ ಎಂಬ ಮಾತನ್ನು ‘ವ್ಯತ್ಯಾಸವಿಲ್ಲ’ ಎಂದು ಓದಲು ಬಾರದು. ಲೇಖನಗಳಲ್ಲಿ ಮತ್ತೆಮತ್ತೆ ಎದುರಾಗುವ ‘20ಕ್ಕೆ 1’ ಎಂಬ ಗಡಿಯೂ ನಿಸರ್ಗದತ್ತವಾದುದಲ್ಲ. ಫಿಶರನ 1925ರ ಕೈಪಿಡಿಯಿಂದ ಬಳಕೆಗೆ ಬಂದ ಅನುಕೂಲದ ಗೆರೆ ಅದು. ಅನುಕೂಲಕ್ಕೆಂದು ಎಳೆದ ಗೆರೆ ಕಾಲಕ್ರಮದಲ್ಲಿ ಸತ್ಯಾಸತ್ಯಗಳ ಸರಹದ್ದಾಯಿತು.

ಈ ತರ್ಕ ಚಹಾದ ಬಟ್ಟಲಿನಿಂದ ಭಾಷೆಗೆ ಬಂದಾಗ ಹೊಸದೊಂದು ತೊಡಕು ಹುಟ್ಟುತ್ತದೆ. ಒತ್ತಕ್ಷರವಿರುವ ಪದಗಳನ್ನು ಓದಲು ಮಕ್ಕಳಿಗೆ ಹೆಚ್ಚು ಸಮಯ ಬೇಕೇ ಎಂಬುದು ಪ್ರಶ್ನೆಯೆಂದು ಭಾವಿಸೋಣ. ಒತ್ತಕ್ಷರವಿರುವ 10 ಪದ, ಇಲ್ಲದ 10 ಪದಗಳನ್ನು ಆರಿಸಿ 40 ಮಕ್ಕಳಿಂದ ಓದಿಸಬಹುದು. ಮೊದಲ ಪಟ್ಟಿಯಲ್ಲಿ ‘ಅಮ್ಮ’, ‘ಅಕ್ಕ’, ‘ಅಪ್ಪ’ ಸೇರಿಕೊಂಡರೆ ಒತ್ತಕ್ಷರವೇ ಸುಲಭವೆಂಬ ಫಲಿತಾಂಶ ಬಂದೀತು. ಅವುಗಳ ಬದಲು ‘ಶಾಸ್ತ್ರ’, ‘ವಸ್ತ್ರ’, ‘ಮರ್ತ್ಯ’ ಸೇರಿದರೆ ಫಲಿತಾಂಶ ತಿರುಗಿಬಿದ್ದೀತು. ಮಕ್ಕಳ ಸಂಖ್ಯೆಯನ್ನು 40ರಿಂದ 400ಕ್ಕೆ ಏರಿಸಿದರೂ ಈ ದೋಷ ನೀಗುವುದಿಲ್ಲ. ಓದಿದವರು ಹೆಚ್ಚಾದರೇ ಹೊರತು ಪದಗಳು ಅವೇ ಇಪ್ಪತ್ತು. ಸಜಾತೀಯ ಮತ್ತು ವಿಜಾತೀಯ ಸಂಯುಕ್ತಾಕ್ಷರಗಳನ್ನು ಬೇರ್ಪಡಿಸಿ ನೋಡಿದ ಕನ್ನಡ ವ್ಯಾಕರಣದ ಅರಿವು ಇಲ್ಲಿ ಅಲಂಕಾರದ ಮಾತಲ್ಲ. ಪ್ರಯೋಗದ ಯೋಜನೆಗೇ ಬೇಕಾದ ಸಾಮಗ್ರಿ.

ಈ ತೊಡಕನ್ನು ಕೋಲ್‌ಮನ್ 1964ರಲ್ಲೇ ಎತ್ತಿ ತೋರಿಸಿದ್ದ. ಅದು ವ್ಯಾಪಕವಾಗಿ ಗಮನಕ್ಕೆ ಬಂದದ್ದು 1973ರಲ್ಲಿ, ಹರ್ಬರ್ಟ್ ಕ್ಲಾರ್ಕ್ ಬರೆದ ದೀರ್ಘ ಲೇಖನದಿಂದ. ಪ್ರಯೋಗಕ್ಕೆ ಬಂದ ವ್ಯಕ್ತಿಗಳನ್ನು ದೊಡ್ಡ ಸಮುದಾಯವೊಂದರ ಮಾದರಿಯೆಂದು ಪರಿಗಣಿಸುವ ಸಂಶೋಧಕರು, ಪದಗಳನ್ನು ಮಾತ್ರ ಆ ಇಪ್ಪತ್ತೇ ಇಡೀ ಭಾಷೆಯೋ ಎಂಬಂತೆ ಲೆಕ್ಕ ಹಾಕುತ್ತಿದ್ದಾರೆ ಎಂಬುದು ಆತನ ಆಕ್ಷೇಪ. ಆಗ ಪ್ರಕಟವಾಗಿದ್ದ ಕೆಲವು ಪ್ರಯೋಗಗಳನ್ನು ಮರುಪರಿಶೀಲಿಸಿ, ಪದಗಳನ್ನೂ ಮಾದರಿಯೆಂದು ಲೆಕ್ಕಕ್ಕೆ ತಂದರೆ ಅವುಗಳ ತೀರ್ಮಾನಗಳು ಹೇಗೆ ಸಡಿಲವಾಗುತ್ತವೆಂಬುದನ್ನು ಕ್ಲಾರ್ಕ್ ತೋರಿಸಿದ. ಆ ಲೇಖನ ಪ್ರಕಟವಾದ ‘ಜರ್ನಲ್ ಆಫ್ ವರ್ಬಲ್ ಲರ್ನಿಂಗ್ ಅಂಡ್ ವರ್ಬಲ್ ಬಿಹೇವಿಯರ್’ ಮುಂದೆ ‘ಜರ್ನಲ್ ಆಫ್ ಮೆಮೊರಿ ಅಂಡ್ ಲ್ಯಾಂಗ್ವೇಜ್’ ಎಂಬ ಹೆಸರು ಪಡೆಯಿತು. ಅದೇ ಪತ್ರಿಕೆಯಲ್ಲಿ 2008ರಲ್ಲಿ ಬಾಯೆನ್, ಡೇವಿಡ್‌ಸನ್ ಮತ್ತು ಬೇಟ್ಸ್ ಅವರು ಓದುಗರ ನಡುವಿನ ಏರುಪೇರು ಹಾಗೂ ಪದಗಳ ನಡುವಿನ ಏರುಪೇರು ಎರಡನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುವ ವಿಧಾನವನ್ನು ವಿವರಿಸಿದರು. ಪ್ರತಿ ಪದಕ್ಕೂ ತನ್ನದೇ ಸ್ವಭಾವವುಂಟು ಎಂಬ ಸಾಹಿತ್ಯಾಭ್ಯಾಸಿಗಳ ಹಳೆಯ ತಿಳಿವಳಿಕೆ ಗಣಿತದ ಸೂತ್ರದೊಳಗೆ ಸ್ಥಾನ ಪಡೆಯಲು ಇಷ್ಟು ಕಾಲ ಹಿಡಿಯಿತು.

ಎಚ್ಚರ ತಪ್ಪಿದರೆ ಆಗುವುದೇನೆಂಬುದಕ್ಕೆ ಮನೋವಿಜ್ಞಾನವೇ ಸಾಕ್ಷಿ ಒದಗಿಸಿದೆ. ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಸಂಶೋಧಕರ ದೊಡ್ಡ ಗುಂಪೊಂದು ಮತ್ತೆ ಮಾಡಿ ನೋಡಿ, 2015ರಲ್ಲಿ ಅದರ ವರದಿಯನ್ನು ಪ್ರಕಟಿಸಿತು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ‘20ಕ್ಕೆ 1’ರ ಗಡಿಯನ್ನು ದಾಟಿದ್ದವು, ಮರುಪ್ರಯೋಗದಲ್ಲಿ ದಾಟಿದವು ಶೇ. 36 ಮಾತ್ರ.

ಕನ್ನಡವೂ ಈ ಚರ್ಚೆಯಿಂದ ಹೊರಗಿಲ್ಲ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ವಸ್ತು ಕನ್ನಡದ ಪ್ರೇರಣಾರ್ಥಕ ‘ಇಸು’ ಪ್ರತ್ಯಯ. ‘ಏರು’ ಎಂಬುದು ‘ಏರಿಸು’ ಆದಾಗ ಮಾಡಿಸುವ ಅರ್ಥ ಸ್ಪಷ್ಟವಾಗುತ್ತದೆ. ನಾಮಪದಗಳನ್ನು ಬಿಟ್ಟು ಮಾತನಾಡುವುದು ಕನ್ನಡದಲ್ಲಿ ಸಹಜವಾದ್ದರಿಂದ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದು ಅಷ್ಟು ನೆಚ್ಚಬಹುದಾದ ಸುಳಿವಲ್ಲ. ಆದರೂ ವಾಕ್ಯಗಳನ್ನು ಕೇಳಿ ಆಟಿಕೆಗಳಿಂದ ಅಭಿನಯಿಸಿ ತೋರಿಸಿದ ಮೂರು ವರ್ಷದ ಆಸುಪಾಸಿನ ಮಕ್ಕಳು ‘ಇಸು’ವನ್ನು ಬಿಟ್ಟು ನಾಮಪದಗಳ ಸಂಖ್ಯೆಯನ್ನೇ ಅನುಸರಿಸಿದರು. ಈ ಒಲವು ಮಗು ಕೇಳಿ ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು ಎಂಬ ವಾದಕ್ಕೆ ಕನ್ನಡ ಹೀಗೆ ಆಧಾರವಾಯಿತು.

ಕನ್ನಡ ಬಲ್ಲವರು ಈ ಫಲಿತಾಂಶದ ಮುಂದೆ ಮೂಕರಾಗಬೇಕಿಲ್ಲ. ‘ಗಾಜು ಒಡೆಯಿತು’, ‘ಹುಡುಗ ಗಾಜು ಒಡೆದ’; ‘ಕೋಲು ಮುರಿಯಿತು’, ‘ಅವನು ಕೋಲು ಮುರಿದ’ ಎಂಬಲ್ಲಿ ಯಾವ ಪ್ರತ್ಯಯವೂ ಇಲ್ಲ; ಮಾಡಿದವರಾರೆಂಬುದನ್ನು ನಾಮಪದಗಳೇ ಹೇಳುತ್ತವೆ. ಇಂಥ ಮಾತುಗಳೂ ಮಗುವಿನ ಕಿವಿಗೆ ದಿನವೂ ಬೀಳುತ್ತವೆ. ಇನ್ನೊಂದೆಡೆ ‘ಚಿಂತಿಸು’, ‘ಪ್ರೀತಿಸು’ ಎಂಬಲ್ಲಿ ‘ಇಸು’ ಇದ್ದರೂ ಪ್ರೇರಣೆಯಿಲ್ಲ. ಎಳೆಯ ಮಕ್ಕಳ ಮಾತಿನಲ್ಲಿ ಇವು ವಿರಳವೆಂಬುದೂ ನಿಜವೇ. ಈ ಸಂಗತಿಗಳು ಅಧ್ಯಯನದ ತೀರ್ಮಾನವನ್ನು ಅಲ್ಲಗಳೆಯುವುದಿಲ್ಲ. ಯಾವ ಧಾತುಗಳಿಂದ, ಎಷ್ಟು ಧಾತುಗಳಿಂದ ಈ ಮಾತು ಹುಟ್ಟಿತು, ಅದನ್ನು ಎಷ್ಟು ದೂರ ಒಯ್ಯಬಹುದು ಎಂದು ಕೇಳುತ್ತವೆ. ಕ್ಲಾರ್ಕ್ ಕೇಳಿದ್ದೂ ಇದನ್ನೇ.

ಈ ಪ್ರಶ್ನೆ ಪಂಡಿತರ ಕಾಲಕ್ಷೇಪವಲ್ಲ. ಕನ್ನಡದ ಅಕ್ಷರಗಳ ಕಲಿಕೆ ಇಂಗ್ಲಿಷಿನ ವರ್ಣಮಾಲೆಯ ಕಲಿಕೆಗಿಂತ ಹೆಚ್ಚು ವರ್ಷ ಸಾಗುತ್ತದೆಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಇಂಗ್ಲಿಷಿನ ಅಳತೆಗೋಲು ಹಿಡಿದರೆ ಸಹಜ ಗತಿಯಲ್ಲಿ ಕಲಿಯುತ್ತಿರುವ ಮಗುವೂ ‘ಹಿಂದುಳಿದ’ ಮಗುವಾಗಿ ಕಂಡೀತು. ಪರೀಕ್ಷೆಗೆ ಆರಿಸಿದ ಪದಪಟ್ಟಿಯೂ ಹಾಗೆಯೇ. ಬೆಂಗಳೂರಿನ ಮನೆಮಾತಿನಿಂದ ಆಯ್ದ ಪಟ್ಟಿಯನ್ನು ಬೀದರಿನ ಮಗುವಿನ ಮುಂದಿಟ್ಟಾಗ ಅಳೆಯಲ್ಪಡುವುದು ಓದುವ ಶಕ್ತಿಯೋ, ಪದದ ಪರಿಚಯವೋ ಎಂಬುದನ್ನು ಯಾವ ಗಣಕಯಂತ್ರವೂ ತಾನಾಗಿ ಹೇಳದು. ಪಟ್ಟಿ ಮಾಡಿದವರು ಅದನ್ನು ಮೊದಲೇ ಯೋಚಿಸಿರಬೇಕು.

ಆದ್ದರಿಂದ ಸಂಖ್ಯಾಶಾಸ್ತ್ರವನ್ನು ಕನ್ನಡ ವಿಭಾಗಗಳು ಪರಕೀಯವೆಂದು ದೂರವಿಡುವುದರಲ್ಲಿ ಲಾಭವಿಲ್ಲ. ಅದರ ಲೆಕ್ಕವನ್ನು ಬೇರೆಯವರಿಂದ ಕಲಿಯಬಹುದು. ಯಾವ ಪದ ಯಾವ ಪದಕ್ಕೆ ಸಮ, ಯಾವುದು ಯಾವ ಸೀಮೆಯ ಮಾತು, ಯಾವ ರೂಪ ಮಗುವಿಗೆ ಹತ್ತಿರ ಎಂಬ ವಿವೇಕವನ್ನು ಅವರಿಗೆ ಕೊಡಬೇಕಾದವರು ಕನ್ನಡದ ಅಭ್ಯಾಸಿಗಳೇ. ಆ ವಿವೇಕ ಪ್ರಯೋಗ ಮುಗಿದ ಮೇಲೆ ಟೀಕೆಯಾಗಿ ಬರುವುದಕ್ಕಿಂತ, ಪದಪಟ್ಟಿ ಸಿದ್ಧವಾಗುವ ಹೊತ್ತಿಗೇ ಮೇಜಿನ ಮೇಲಿರುವುದು ಒಳಿತು.