ದಾದಿಮಾ ಮತ್ತು ಟೌ

ಕಳೆದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಜೀವಶಾಸ್ತ್ರದ ಮೇಡಂ ಕೇಳಿದಾಗ ನಾನು ತಪ್ಪಿಸಿಕೊಂಡೆ. ಅಜ್ಜೀಪುರದ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದನ್ನು ಹೇಳಲು ನಾಚಿಕೆಯಾಗಿತ್ತು. ಈಗ ಬರೆಯುತ್ತಿದ್ದೇನೆ.

ನನ್ನ ದಾದಿಮಾ ಕೊಳ್ಳೇಗಾಲದಲ್ಲಿ ವರ್ಷಗಟ್ಟಲೆ ರೇಷ್ಮೆ ನೂಲು ತೆಗೆದವರು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿಯನ್ನು ನೋಡದೆಯೇ ಹಿಡಿಯುತ್ತಿದ್ದರಂತೆ. ಎರಡು ವರ್ಷದ ಹಿಂದೆ ಅವರು ಜೊಹರ್ ನಮಾಜು ಮುಗಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ವುಜೂ ಮಾಡಿ ಅದೇ ನಮಾಜಿಗೆ ನಿಲ್ಲತೊಡಗಿದರು. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರೆಲ್ಲ ನಕ್ಕೆವು. ನಾನೂ ನಕ್ಕೆ.

ಆಮೇಲೊಂದು ದಿನ ಅವರ ಪಿಂಚಣಿ ದುಡ್ಡು ಕಾಣೆಯಾಯಿತು. ನೆಂಟರ ಎದುರಿಗೇ ದಾದಿಮಾ ನನ್ನ ಕಡೆ ಬೆರಳು ತೋರಿಸಿದರು. ನಾನು ಕೂಗಾಡಿದೆ, ನಾಲ್ಕು ದಿನ ಮಾತು ಬಿಟ್ಟೆ. ಐದನೇ ದಿನ ಅಕ್ಕಿ ಡಬ್ಬದ ತಳದಲ್ಲಿ ಬಟ್ಟೆಯ ಗಂಟು ಸಿಕ್ಕಿತು. ಗೆದ್ದವಳಂತೆ ಅದನ್ನು ಅವರ ಮುಂದೆ ಹಿಡಿದೆ. ಅವರು ಗಂಟನ್ನು ತಿರುಗಿಸಿ ನೋಡಿ, "ಯಾರದ್ದಮ್ಮಾ ಇದು? ಪಾಪ, ಹುಡುಕುತ್ತಿರುತ್ತಾರೆ" ಎಂದರು. ನನಗೆ ಗಂಟಲು ಕಟ್ಟಿತು.

ಫೆಬ್ರವರಿಯಲ್ಲಿ ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. "ಇದು ಯಾವ ತಿಂಗಳು?" ಎಂದು ಕೇಳಿದರು. ದಾದಿಮಾ "ಷಾಬಾನ್" ಎಂದರು. ಕೇಳಿದವರು ತಪ್ಪು ಎಂದು ಗುರುತು ಹಾಕಿದರು. ಅದು ಷಾಬಾನ್ ತಿಂಗಳೇ! ಅಬ್ಬಾ ಹೇಳಿದ ಮೇಲೆ ತಿದ್ದಿದರು. ಉಳಿದ ಪ್ರಶ್ನೆಗಳಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಸ್ಕ್ಯಾನ್ ನೋಡಿ ಆಲ್ಝೈಮರ್ ಇರಬೇಕು ಎಂದರು.

ಬಸ್ಸಿನಲ್ಲಿ ಕೂತು ಓದಿದ್ದು ಇಷ್ಟು. ಜೀವಕೋಶದ ಪಾಠದಲ್ಲಿ ಮೈಕ್ರೋಟ್ಯೂಬ್ಯೂಲ್ ಬರುತ್ತದಲ್ಲ, ನರಕೋಶದ ಆಕ್ಸಾನ್ ಒಳಗೆ ಅವು ರೈಲು ಹಳಿಯಿದ್ದಂತೆ. ಕೋಶಕ್ಕೆ ಬೇಕಾದ ಸಾಮಾನೆಲ್ಲ ಅವುಗಳ ಮೇಲೆಯೇ ಸಾಗುತ್ತದೆ. ಆ ಹಳಿಗಳು ಭದ್ರವಾಗಿರಲು ನೆರವಾಗುವ ಪ್ರೋಟೀನು ಟೌ. 1975ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಅದನ್ನು ಗುರುತಿಸಿ ಹೆಸರಿಟ್ಟರು. ರೋಗದಲ್ಲಿ ಅದರ ಮೇಲೆ ಫಾಸ್ಫೇಟ್ ಮಿತಿಮೀರಿ ಸೇರಿಕೊಳ್ಳುತ್ತದೆ. ಟೌ ಹಳಿ ಬಿಟ್ಟು, ಒಂದಕ್ಕೊಂದು ಅಂಟಿ, ಎಳೆಯಾಗಿ, ಗಂಟಾಗುತ್ತದೆ. ಅಲೋಯಿಸ್ ಆಲ್ಝೈಮರ್ ಈ ಗಂಟುಗಳನ್ನು ತೀರಿಹೋದ ಒಬ್ಬ ಮಹಿಳೆಯ ಮೆದುಳಿನಲ್ಲಿ 1906ರಲ್ಲೇ ಕಂಡಿದ್ದರು. ಅವು ಟೌನಿಂದ ಆದವು ಎಂದು ತಿಳಿಯಲು ಇನ್ನೂ ಸುಮಾರು 80 ವರ್ಷ ಹಿಡಿಯಿತು. ಅಮೈಲಾಯ್ಡ್ ಎಂಬ ಇನ್ನೊಂದು ಪ್ರೋಟೀನೂ ಈ ರೋಗದಲ್ಲಿದೆ, ಆದರೆ ಮರೆವು ಎಷ್ಟು ಎಂಬುದಕ್ಕೆ ಹೆಚ್ಚು ತಾಳೆಯಾಗುವುದು ಟೌ ಗಂಟುಗಳೇ. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್‌ನ ಆಸುಪಾಸಿನಲ್ಲಿ ಅವು ಬೇಗನೆ ಶುರುವಾಗುತ್ತವೆ. ದಾದಿಮಾಗೆ ಕೊಳ್ಳೇಗಾಲದ ಬಿಸಿನೀರಿನ ಬಾನಿ ನೆನಪಿದ್ದು ಬೆಳಗಿನ ಚಹಾ ನೆನಪಿಲ್ಲದ್ದು ಅದಕ್ಕೇ. ನನ್ನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗೆಂದು ಕಾಪಾಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಹೋಗುವ ಗುರಿ ಇಟ್ಟುಕೊಂಡಿದ್ದಾರೆ. ಹಳ್ಳಿಯವರು, ಓದುಬರಹ ಬಾರದವರು! ಷಾಬಾನ್ ಎಂಬ ಉತ್ತರ ಅಲ್ಲಿಯವರಿಗೆ ಅರ್ಥವಾಗಬಹುದು.

ನನಗೆ ಹೆಚ್ಚು ಹಿಡಿಸಿದ್ದು ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿ ಮಾಡಿದ ಅಧ್ಯಯನ. 2013ರಲ್ಲಿ ಪ್ರಕಟವಾಯಿತು. ಮರೆವಿನ ರೋಗದ 648 ಜನರಲ್ಲಿ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಆಡುವವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಹಾಗೆಯೇ. ದಾದಿಮಾ ಮನೆಯಲ್ಲಿ ದಖನಿ, ಸಂತೆಯಲ್ಲಿ ಕನ್ನಡ, ಪಕ್ಕದ ಮನೆಯವರೊಡನೆ ತಮಿಳು ಆಡುತ್ತಿದ್ದವರು. ಮೂರು ಭಾಷೆಗೆ ಇನ್ನೂ ಹೆಚ್ಚು ವರ್ಷ ಸಿಕ್ಕಿರಬೇಕು ಎಂದು ಆಸೆಯಿಂದ ಹುಡುಕಿದೆ. ಎರಡರ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ ಎಂದು ಅದರಲ್ಲೇ ಬರೆದಿತ್ತು.

ರಕ್ತದಲ್ಲೇ ಟೌ ಗುರುತಿಸುವ ಪರೀಕ್ಷೆಯೊಂದಕ್ಕೆ ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದೆ. ಗಂಟು ಬಿಡಿಸುವ ಮದ್ದು ಮಾತ್ರ ಇಲ್ಲ. ಬುದ್ಧಿ ಹೋದವರ ಮೇಲೆ ನಮಾಜಿನ ಹೊಣೆಯಿಲ್ಲ ಎಂದು ಹಜರತ್ ಅಬ್ಬಾಗೆ ಸಮಾಧಾನ ಹೇಳಿದರು. ದಾದಿಮಾ ಈಗಲೂ ಎರಡೆರಡು ಸಲ ನಿಲ್ಲುತ್ತಾರೆ, ಯಾರೂ ತಡೆಯುವುದಿಲ್ಲ.

ಕಳೆದ ವಾರ ನಾನು ಓದುತ್ತಾ ಕೂತಿದ್ದಾಗ ಪಕ್ಕಕ್ಕೆ ಬಂದು ಕೂತರು. ನನ್ನ ದುಪಟ್ಟಾದ ಅಂಚು ಬಿಚ್ಚಿಕೊಂಡಿತ್ತು. ಬೆರಳಲ್ಲಿ ಸವರಿ ಸವರಿ ಎಳೆಯ ತುದಿ ಹಿಡಿದು "ಸಿಕ್ಕಿತು" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀನು ಯಾರ ಮಗಳಮ್ಮಾ?" ಎಂದು ಕೇಳಿದರು. ಅಬ್ಬಾನ ಹೆಸರು ಹೇಳಿದೆ.

"ಓ, ಅವನು ಸ್ಕೂಲಿಂದ ಬಂದನಾ?"

"ಬರ್ತಾ ಇದ್ದಾನೆ ದಾದಿಮಾ" ಎಂದೆ. ಅವರು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಬಾಗಿಲ ಕಡೆ ನೋಡುತ್ತಾ ಕೂತರು.